ಊರು ಅಲ್ಲೇ ಇತ್ತು, ದಫ್ತರ ಊರು ಬಿಟ್ಟಿತು

ಗದಗ ತಾಲೂಕಿನ ಸೊರಟೂರಿನ ಸುತ್ತಮುತ್ತ ಮನೆತನದ ಮೂಲ ಹುಡುಕುವವರು ಹಿರಿಯರ ಊರು ಯಾವುದೆಂದು ತಿಳಿದರೆ ಸಾಲದು. ಆಯಾ ವರ್ಷ ಆ ಊರು ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನೂ ತಿಳಿಯಬೇಕು. ಗಡಿಯ ಕದನ ಈ ನೆಲಕ್ಕೆ ಹಳೆಯದು. ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ್ದು ಸೊರಟೂರಿನಲ್ಲೇ. ಆದರೆ ವಂಶಾವಳಿಗೆ ತೊಡಕಾಗಿರುವುದು ಈಚಿನ ಗಡಿಗಳು. ಬ್ರಿಟಿಷರ ಕಾಲದಲ್ಲಿ ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿಯ ಆಚೆಯ ಕೊಪ್ಪಳ ನಿಜಾಮರ ಸೀಮೆ. 1948ರಲ್ಲಿ ಸಾಂಗಲಿ, ಮಿರಜಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು, 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಸಾಂಗಲಿ, ಮಿರಜ ಪಟ್ಟಣಗಳು ಮಾತ್ರ ಇಂದು ಮಹಾರಾಷ್ಟ್ರದಲ್ಲಿವೆ.

ಗಡಿ ಸರಿದದ್ದು ಕಾಗದದ ಮೇಲೆ, ಜನ ಇದ್ದಲ್ಲೇ ಇದ್ದರಲ್ಲ ಎಂದು ಕೆಲವರು ಕೇಳಬಹುದು. ನಿಜ, ಆದರೆ ಹುಡುಕುವವರಿಗೆ ಬೇಕಾದದ್ದೇ ಆ ಕಾಗದ. ದಾಖಲೆಗಳು ಊರಿನ ಹಿಂದೆ ಬರುವುದಿಲ್ಲ, ಆಳಿದವರ ಹಿಂದೆ ಹೋಗುತ್ತವೆ. ಶಿರಹಟ್ಟಿಯ ಹೊಲ, ವತನ, ಇನಾಮುಗಳ ಹಳೆಯ ಲೆಕ್ಕ ಸಂಸ್ಥಾನದ ದಫ್ತರಕ್ಕೆ ಸೇರಿದ್ದು; ಪೇಶವೆಯರ ಕಾಲಕ್ಕೆ ಹೋದರೆ ಪುಣೆಯ ಪೇಶವೆ ದಫ್ತರವನ್ನೂ ನೋಡಬೇಕಾಗುತ್ತದೆ. ಅಲ್ಲಿ ಮರಾಠಿ ಭಾಷೆ, ಮೋಡಿ ಲಿಪಿ. ಅಚ್ಚ ಕನ್ನಡದ ಮನೆತನದ ಕತೆ ಮೊಮ್ಮಕ್ಕಳಿಗೆ ಓದಲು ಬಾರದ ಅಕ್ಷರದಲ್ಲಿ ಉಳಿದಿದೆ.

ಇದರಲ್ಲಿ ಹೆಚ್ಚು ಕಳೆದುಹೋದವರು ಹೆಣ್ಣುಮಕ್ಕಳು. ಮುಂಬಯಿ ಕರ್ನಾಟಕದ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು ಬರುತ್ತದೆ. ಆಕೆಯ ತವರು ಯಾವುದೆಂಬುದಕ್ಕೆ ಅಲ್ಲಿ ಜಾಗವಿಲ್ಲ. ಬೀಗತನಕ್ಕೆ ಗಡಿ ಅಡ್ಡ ಬಂದದ್ದಿಲ್ಲ. ಲಕ್ಷ್ಮೇಶ್ವರದ ಹುಡುಗಿಯನ್ನು ಬೆಟಗೇರಿಗೆ ಕೊಟ್ಟರೆ ಅದು ಹತ್ತಿರದ ಸಂಬಂಧವೇ, ದಫ್ತರದ ಲೆಕ್ಕದಲ್ಲಿ ಮಾತ್ರ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದಂತೆ. ಅವಳ ತವರಿನ ಮನೆತನ ಬೆಟಗೇರಿಯ ಕಾಗದದಲ್ಲಿ ಸಿಗದಿದ್ದರೆ ಅಂಥ ಮನೆತನವೇ ಇರಲಿಲ್ಲ ಎಂದು ತೀರ್ಮಾನಿಸುವುದು ತಪ್ಪು.

ಹೆಳವರಿದ್ದಾರಲ್ಲ, ಕಾಗದ ಏಕೆ ಬೇಕು ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ತೂಕವಿದೆ. ಎತ್ತು ಹೂಡಿಕೊಂಡು ಮನೆಮನೆಗೆ ಬಂದು ವಂಶ ಹೇಳುವ ಹೆಳವರು ಯಾವ ಸರಕಾರದ ಗಡಿಯನ್ನೂ ನೆಚ್ಚಿಕೊಂಡವರಲ್ಲ. ಒಕ್ಕಲು ಎಲ್ಲಿದ್ದರೆ ಅಲ್ಲಿಗೆ ಅವರ ದಾರಿ. ಮನೆತನದ ಮೂಲ ಊರು, ಬೆಡಗು, ವಲಸೆಗೆ ಅವರ ಮಾತು ದೊಡ್ಡ ಆಧಾರ. ಆದರೂ ಹೊಲ ಯಾವ ವರ್ಷ ಯಾರ ಹೆಸರಿಗೆ ಬಂತು ಎಂಬುದಕ್ಕೆ ಕಾಗದವೇ ಬೇಕು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಕತೆ ಗಟ್ಟಿಯಾಗುತ್ತದೆ.

ಆದ್ದರಿಂದ ವಂಶಾವಳಿ ಬರೆಯುವವರು ಪ್ರತಿ ಹೆಸರಿನ ಜೊತೆ ಊರು, ವರ್ಷ, ಅಂದಿನ ಆಳ್ವಿಕೆ, ಸೊಸೆಯಾಗಿದ್ದರೆ ಅವಳ ತವರು, ಇಷ್ಟನ್ನೂ ಬರೆದಿಡಬೇಕು. ಮೋಡಿ ಓದಬಲ್ಲ ಕನ್ನಡಿಗರನ್ನು ಬೆಳೆಸುವುದು ನಮ್ಮ ವಿಶ್ವವಿದ್ಯಾಲಯಗಳ ಹೊಣೆ. ಗಡಿ ಬದಲಾದಾಗ ನಾವು ಭೂಮಿಯನ್ನು ಪಡೆದೆವು, ಆ ಭೂಮಿಯ ಜನರ ನೆನಪನ್ನು ಪಡೆಯುವ ಕೆಲಸ ಇನ್ನೂ ಬಾಕಿಯಿದೆ.