ಮೆಟ್ರಿಕ್ ಪಾಸಾದವರಿಗೊಂದು ಮತ

1937ರ ಆರಂಭದಲ್ಲಿ ಮುಂಬಯಿ ಪ್ರಾಂತದ ವಿಧಾನಸಭೆಗೆ ಚುನಾವಣೆ ನಡೆಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಜಿಲ್ಲೆಗಳು ಆಗ ಆ ಪ್ರಾಂತದಲ್ಲಿದ್ದವು. (ಮೈಸೂರು ಅರಸರ ಸಂಸ್ಥಾನ, ಅಲ್ಲಿಯ ಲೆಕ್ಕವೇ ಬೇರೆ.) ವಯಸ್ಸಿಗೆ ಬಂದ ಮಾತ್ರಕ್ಕೆ ಮತ ಸಿಗುತ್ತಿರಲಿಲ್ಲ. 1935ರ ಕಾಯ್ದೆ ಮುಖ್ಯವಾಗಿ ಕೇಳುತ್ತಿದ್ದುದು ಎರಡೇ: ಕಂದಾಯ ಎಷ್ಟು ಕಟ್ಟುತ್ತೀ, ಎಷ್ಟು ಓದಿದ್ದೀ? ನಿಗದಿಯಾದಷ್ಟು ಭೂಕಂದಾಯ ಕಟ್ಟುವ ರೈತನಿಗೆ ಮತವಿತ್ತು. ಅವನ ಹೊಲದಲ್ಲಿ ದುಡಿಯುವ ಕೂಲಿಗೆ ಇರಲಿಲ್ಲ. ಜಮೀನಿಲ್ಲದಿದ್ದರೂ ಮೆಟ್ರಿಕ್ ಪಾಸಾದವನ ಹೆಸರು ಪಟ್ಟಿಗೆ ಸೇರುತ್ತಿತ್ತು. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಮತದಾರರು ಸುಮಾರು 3 ಕೋಟಿ ಮಾತ್ರ.

ಓದಿಗೆ ಮತ ಕೊಟ್ಟದ್ದು ಉದಾರವೆಂದು ತೋರಬಹುದು. ಆದರೆ ಹೈಸ್ಕೂಲೇ ಇಲ್ಲದ ಊರಿಗೆ ಅದು ಮುಚ್ಚಿದ ಬಾಗಿಲು. ನಮ್ಮ ಶಾಲೆಗೆ ಈಗ ತುಂಬಿದ್ದು ಐವತ್ತು ವರ್ಷ. ನಮ್ಮ ಅಜ್ಜಂದಿರು ಮೆಟ್ರಿಕ್ ಎಲ್ಲಿ ಓದಬೇಕಿತ್ತು?

ಇನ್ನೂ ವಿಚಿತ್ರವೆಂದರೆ ಅಂಕೋಲಾ, ಸಿದ್ದಾಪುರದ ಕಥೆ. ಅಲ್ಲಿ ಕರನಿರಾಕರಣೆ ಮಾಡಿದ ರೈತರ ಜಮೀನನ್ನು ಸರ್ಕಾರ ಜಪ್ತಿ ಮಾಡಿತ್ತು. ಜಮೀನು ಹೋದ ಮೇಲೆ ಕಂದಾಯದ ಲೆಕ್ಕದ ಮತ ಎಲ್ಲಿಂದ ಬರಬೇಕು? ಅಂಥ ಕಿರಿದಾದ ಪಟ್ಟಿಯಿಂದಲೇ ಗೆದ್ದು ಬಂದ ಕಾಂಗ್ರೆಸ್ಸಿನ ಬಿ.ಜಿ. ಖೇರ್ ಮಂತ್ರಿಮಂಡಲ 1938ರಲ್ಲಿ ಕಾಯ್ದೆ ತಂದು ಜಪ್ತಿಯಾದ ಜಮೀನು ಮರಳಿಸಲು ಮುಂದಾಯಿತು. ಕೂಲಿಗೆ ಮತ ಬರಲು ಮಾತ್ರ 1951-52ರ ಚುನಾವಣೆಯವರೆಗೆ ಕಾಯಬೇಕಾಯಿತು.