ಟೆನಿಸ್ ಆಡಿದ ವಿಷ್ಣುವರ್ಧನ್

ಈ ಸಲ ಮಾತಾಡ್ತಿರೋದು ಹೈದರಾಬಾದಿನ ಬೇಗಂ ಬಜಾರ್‌ನಿಂದ. ಹಿಂದೆ ತಳ್ಳುಗಾಡಿಗಳ ಸದ್ದು ಬಂದ್ರೆ ಸಹಿಸ್ಕೊಳ್ಳಿ. ಎರಡನೇ ಆಸಫ್ ಜಾ, ಅಂದ್ರೆ ನಿಜಾಮ್ ಅಲಿ ಖಾನರ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಕೊಟ್ಟ ಜಾಗ ಇದು ಅನ್ನೋದು ಇಲ್ಲಿನ ರೂಢಿಯ ಮಾತು. ಆದ್ರೆ ಪೇಟೆಯ ಹೆಸರಲ್ಲಿ ಉಳಿದದ್ದು ಬರೀ 'ಬೇಗಂ'. ಯಾವ ಬೇಗಂ ಅಂತ ಕೇಳಿಕೊಂಡೇ ತಿಳೀಬೇಕು. ಇದೇ ಊರಿನ ಒಬ್ಬ ಆಟಗಾರನ ಹೆಸರಿಗೂ, ಕನ್ನಡಿಗರಾದ ನಮ್ಮ ಮಟ್ಟಿಗೆ, ಹೀಗೇ ಆಗಿದೆ.

ಜೆ. ವಿಷ್ಣುವರ್ಧನ್, 1987ರಲ್ಲಿ ಹುಟ್ಟಿದ ಟೆನಿಸ್ ಆಟಗಾರ. ಕನ್ನಡದಲ್ಲಿ ಈ ಹೆಸರು ಟೈಪ್ ಮಾಡಿದ್ರೆ ಎದುರಿಗೆ ಬರೋದು ಸಾಹಸಸಿಂಹ. ಸಹಜವೇ ಬಿಡಿ. ನಮ್ಮ ಕೋಡಿಂಗ್ ಭಾಷೇಲಿ ಇದು ನೇಮ್ ಕೊಲಿಷನ್: ಹೆಸರು ಒಂದೇ, ಜಾಗ ದೊಡ್ಡವರದ್ದು.

ಸ್ವಾರಸ್ಯ ಏನಂದ್ರೆ, ನಟನಿಗೆ ಅದು ಹುಟ್ಟಿನಿಂದ ಬಂದ ಹೆಸರಲ್ಲ. ಮನೆಯವರಿಟ್ಟ ಹೆಸರು ಸಂಪತ್ ಕುಮಾರ್. 1972ರ 'ನಾಗರಹಾವು' ಚಿತ್ರಕ್ಕೆ ಪುಟ್ಟಣ್ಣ ಕಣಗಾಲ್ ಅವರು ವಿಷ್ಣುವರ್ಧನ್ ಅಂತ ಹೆಸರಿಟ್ಟರು. ಅದೇ ಹೆಸರಿನ ಹೊಯ್ಸಳ ದೊರೆಗೂ ಮೊದಲಿದ್ದ ಹೆಸರು ಬಿಟ್ಟಿದೇವ. ರಾಮಾನುಜರ ಪ್ರಭಾವದಿಂದ ಬದಲಾಯ್ತು ಅಂತ ಸಂಪ್ರದಾಯ ಹೇಳುತ್ತೆ. 1117ರಲ್ಲಿ ಬೇಲೂರಿನ ಚೆನ್ನಕೇಶವ ದೇಗುಲ ಕಟ್ಟಿಸಿದವನು ಇವನೇ.

ಹಾಗಂತ ಈ ಹೆಸರು ನಮ್ಮ ಕಡೆಯದು, ತೆಲುಗರು ಆಮೇಲೆ ತಗೊಂಡ್ರು ಅನ್ನೋ ಹಾಗಿಲ್ಲ. ಹೊಯ್ಸಳರಿಗಿಂತ ಸುಮಾರು 500 ವರ್ಷ ಮೊದಲೇ, 7ನೇ ಶತಮಾನದಲ್ಲಿ, ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ವೆಂಗಿಯಲ್ಲಿ ಪೂರ್ವ ಚಾಲುಕ್ಯರ ಆಳ್ವಿಕೆ ಶುರು ಮಾಡಿದ. ಮುಂದೆ ಆ ವಂಶದ ಎಷ್ಟೋ ರಾಜರಿಗೆ ಇದೇ ಹೆಸರು. ಅಣ್ಣ ಕನ್ನಡ ನಾಡಲ್ಲಿ, ತಮ್ಮ ತೆಲುಗು ನಾಡಲ್ಲಿ. ಹೆಸರು ಎರಡೂ ಕಡೆಯದು.

ಈಗ ಆಟಗಾರನ ಕಡೆ ಬರೋಣ. ನಮ್ಮ ವಿಷ್ಣು ಸರ್ ತೀರಿಕೊಂಡದ್ದು 2009ರ ಡಿಸೆಂಬರ್ 30. ಮರುವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಈ ವಿಷ್ಣುವರ್ಧನ್, ಸಾನಿಯಾ ಮಿರ್ಜಾ ಜೊತೆ ಮಿಶ್ರ ಡಬಲ್ಸ್ ಬೆಳ್ಳಿ ಗೆದ್ದರು. ಇಬ್ಬರೂ ಹೈದರಾಬಾದಿನವರೇ.

2012ರ ಲಂಡನ್ ಒಲಿಂಪಿಕ್ಸ್ ಕತೆ ಬಹಳ ಜನಕ್ಕೆ ನೆನಪಿದೆ, ಅರ್ಧ ಮಾತ್ರ. ಮಹೇಶ್ ಭೂಪತಿ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಇಬ್ಬರೂ ಲಿಯಾಂಡರ್ ಪೇಸ್ ಜೊತೆ ಆಡಲ್ಲ ಅಂದ್ರು. ಕೊನೆಗೆ ಸಂಸ್ಥೆ ಎರಡು ಜೋಡಿ ಕಳಿಸಿತು. ಪೇಸ್ ಪಕ್ಕ ನಿಲ್ಲಿಸಿದ್ದು ರ್‍ಯಾಂಕಿಂಗ್‌ನಲ್ಲಿ ಬಹಳ ಕೆಳಗಿದ್ದ ವಿಷ್ಣುವರ್ಧನ್ ಅವರನ್ನ. ಚರ್ಚೆಯೆಲ್ಲ ದೊಡ್ಡವರ ಜಗಳದ್ದು. ಇವರು 'ಆ ಜೂನಿಯರ್ ಹುಡುಗ' ಆಗಿಬಿಟ್ಟರು. ನನಗೆ ಇದು ಅನ್ಯಾಯ ಅನ್ಸುತ್ತೆ, ಯಾಕಂದ್ರೆ ಫಲಿತಾಂಶ ಬೇರೇನೇ ಹೇಳುತ್ತೆ. ವಿಂಬಲ್ಡನ್ ಹುಲ್ಲಿನ ಅಂಗಳದಲ್ಲಿ ಎರಡೂ ಭಾರತೀಯ ಜೋಡಿಗಳು ಮೊದಲ ಸುತ್ತು ಗೆದ್ದು, ಎರಡನೇ ಸುತ್ತಲ್ಲಿ ಸೋತವು. ಎರಡನ್ನೂ ಸೋಲಿಸಿದ್ದು ಫ್ರಾನ್ಸ್ ಜೋಡಿಗಳೇ. ಅನುಭವಿಗಳಾದ ಭೂಪತಿ-ಬೋಪಣ್ಣ ಸೋತದ್ದು ಮುಂದೆ ಕಂಚು ಗೆದ್ದವರಿಗೆ. ಪೇಸ್-ವಿಷ್ಣುವರ್ಧನ್ ಸೋತದ್ದು ಬೆಳ್ಳಿ ಗೆದ್ದ ಸೋಂಗಾ-ಲೊಡ್ರಾ ಜೋಡಿಗೆ, ಅದೂ ಮೂರನೇ ಸೆಟ್‌ವರೆಗೆ ಎಳೆದು.