ಬಹಾರ್ ಪದ್ಧತಿ
ನೀರು ನಿಲ್ಲಿಸಿ ಗಿಡವನ್ನು ಬೇಕೆಂದೇ ಬಾಯಾರಿಸಿ, ಒಂದೇ ಹದಕ್ಕೆ ಹೂ ಬಿಡಿಸುವ ತೋಟಗಾರಿಕೆ ಕ್ರಮ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ದಾಳಿಂಬೆ ಬೆಳೆಯಲ್ಲಿದೆ.

ನೀರಿಲ್ಲದಾಗ ಚಿಗುರು ನಿಂತು, ರೆಂಬೆಗಳಲ್ಲಿ ಪಿಷ್ಟ ಸಂಗ್ರಹವಾಗುತ್ತದೆ, ಎಲೆ ಉದುರುತ್ತದೆ. ಆಮೇಲೆ ಸವರಿ, ಗೊಬ್ಬರ ಕೊಟ್ಟು, ಹದವರಿತು ನೀರುಣಿಸಿದರೆ ಹೊಸ ಚಿಗುರಿನೊಂದಿಗೆ ಮೊಗ್ಗು ಒಟ್ಟಾಗಿ ಬರುತ್ತದೆ. ಹೂ ಬಿಡುವ ಕಾಲದಂತೆ ಇದರಲ್ಲಿ 3 ಬಗೆ: ಅಂಬೆ (ಜನವರಿ–ಫೆಬ್ರವರಿ), ಮೃಗ (ಜೂನ್–ಜುಲೈ), ಹಸ್ತ (ಸೆಪ್ಟೆಂಬರ್–ಅಕ್ಟೋಬರ್). ಮಳೆಗಾಲದ ಮೃಗ ಬೆಳೆಗೆ ದುಂಡಾಣು ಅಂಗಮಾರಿಯ ಕಾಟ ಹೆಚ್ಚು.

ನೀರು ಎಷ್ಟು ದಿನ ನಿಲ್ಲಿಸಬೇಕೆಂಬುದಕ್ಕೆ ಮಣ್ಣೇ ನಿರ್ಣಾಯಕ. ಮರಳು ಮಿಶ್ರಿತ ನೆಲ ಬೇಗ ಒಣಗುತ್ತದೆ. ಅಫಜಲಪುರ ತಾಲ್ಲೂಕಿನ ಮಣ್ಣೂರ ಸೀಮೆಯಂಥ ಭೀಮಾತೀರದ ಎರೆಭೂಮಿ ತೇವವನ್ನು ಬಹುದಿನ ಹಿಡಿದಿಡುವುದರಿಂದ ಅಲ್ಲಿ ವಿರಾಮ ದೀರ್ಘವಾಗಬೇಕು.

ಕಾಯಿ ಕಟ್ಟಿದ ಮೇಲೆ ಬಾಯಾರಿಸಬಾರದು. ನೀರು ಏರುಪೇರಾದರೆ ಹಣ್ಣು ಸೀಳುತ್ತದೆ.